ನೆರಳು ಮರಕ್ಕೆ ಬೇರೆ ಲೆಕ್ಕ ಇಡುತ್ತೀರಾ?

ನಾಪೋಕ್ಲುವಿನ ಬೆಳೆಗಾರರೊಬ್ಬರು ಬರೆದಿದ್ದಾರೆ: “ಮಗಳು ಕಾಲೇಜು ಸೇರಿದಳೆಂದು ವಿರಾಜಪೇಟೆಯಲ್ಲಿ ಒಂಬತ್ತೂವರೆ ಸಾವಿರ ಕೊಟ್ಟು ಮೊಬೈಲ್ ತಂದೆ. ಒಳಗಿದ್ದು ಮೊಬೈಲನ್ನು ನಡೆಸುವ ಆಂಡ್ರಾಯ್ಡ್ ತಂತ್ರಾಂಶ ಗೂಗಲಿನವರದು, ಅದನ್ನು ಅವರು ಪುಕ್ಕಟೆ ಕೊಡುತ್ತಾರೆ ಎಂದು ಅಂಗಡಿಯವರು ಹೇಳಿದರು. ಎಂಜಿನಿಯರುಗಳಿಗೆ ಸಂಬಳ ಸುರಿದು ಮಾಡಿದ್ದನ್ನು ಸುಮ್ಮನೆ ಹಂಚಿದರೆ ಅವರಿಗೆ ಗಿಟ್ಟುವುದೇನು? ಇದೇನು ದಾನಧರ್ಮವೇ? ಲಾಭ ಎಷ್ಟು, ಒಂದು ಅಂಕಿ ಹೇಳಿ. ಐಫೋನ್ ಕೊಂಡಿದ್ದರೆ ಗೂಗಲಿನ ಹಂಗು ತಪ್ಪುತ್ತಿತ್ತೇ?”

ಮಾನ್ಯರೇ,

ದಾನಧರ್ಮವಂತೂ ಅಲ್ಲ. ಅಂಕಿಯನ್ನೂ ಕೊಡುತ್ತೇನೆ. ಅದಕ್ಕೆ ಮೊದಲು ನನ್ನದೊಂದು ಪ್ರಶ್ನೆ: ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್, ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆಂದು ಬೇರೆ ಲಾಭನಷ್ಟದ ಪುಟ ಇಟ್ಟಿದ್ದಾರೆಯೇ? ಮರಗಸಿಯ (ಕೊಂಬೆ ಸವರುವ) ಕೂಲಿ ಪ್ರತಿ ವರ್ಷ ಖರ್ಚಿನ ಕಡೆ ಬೀಳುತ್ತದೆ. ಮರಕ್ಕೆ ಹಬ್ಬಿದ ಬಳ್ಳಿಯ ಫಸಲು ಮೆಣಸಿನ ಲೆಕ್ಕಕ್ಕೆ ಹೋಗುತ್ತದೆ, ನೆರಳಲ್ಲಿ ಬೆಳೆದದ್ದು ಕಾಫಿಯ ಲೆಕ್ಕಕ್ಕೆ. ಪುಸ್ತಕ ಮಾತ್ರ ನೋಡಿದವರಿಗೆ ಸಿಲ್ವರ್ ಮರ ಬರೀ ದಂಡ. (ಕಡಿದು ಮಾರುವ ಮಾತು ಬೇರೆ.) ಗೂಗಲಿನ ಒಡೆಯ ಸಂಸ್ಥೆ ಆಲ್ಫಾಬೆಟ್ ಪ್ರಕಟಿಸುವ ಲೆಕ್ಕಪತ್ರದಲ್ಲಿಯೂ ಆಂಡ್ರಾಯ್ಡಿಗೆ ಸ್ವಂತ ಸಾಲು ಇಲ್ಲ.

ಹಾಗಾದರೆ ಬಳ್ಳಿ ಯಾವುದು? ಅಂಗಡಿಯವರು ಪೆಟ್ಟಿಗೆ ಬಿಚ್ಚಿ, ಗಾಜಿನ ಮೇಲಿನ ಪ್ಲಾಸ್ಟಿಕ್ ಪೊರೆ ಎಳೆದು, ಸಿಮ್ ಕೂರಿಸಿ, ಆಮೇಲೆ ಏನು ಕೇಳಿದರು ನೆನಪಿಸಿಕೊಳ್ಳಿ. ‘ಜಿಮೇಲ್ ಇದೆಯೇ’ ಎಂದಲ್ಲವೇ? ವ್ಯಾಪಾರ ಅಲ್ಲಿಂದ ಆರಂಭ. ಗೂಗಲಿನ ಹುಡುಕುವ ಪಟ್ಟಿ ಮುಖಪುಟಕ್ಕೆ ಅಂಟಿಕೊಂಡೇ ಬಂದಿರುತ್ತದೆ, ಜೊತೆಗೆ ಯೂಟ್ಯೂಬ್, ಮ್ಯಾಪ್ಸ್, ಕ್ರೋಮ್, ಪ್ಲೇ ಸ್ಟೋರ್. ಈ ಉತ್ತರಕ್ಕೆಂದು ಕುಳಿತಾಗ ನಾನು ನನ್ನ ಮೊಬೈಲಿನಲ್ಲಿ ‘ಮಡಿಕೇರಿ ಹೋಂಸ್ಟೇ’ ಎಂದು ಹುಡುಕಿದೆ. ಮೇಲ್ತುದಿಯಲ್ಲಿ ಬಂದವಕ್ಕೆ ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರದ ಚೀಟಿ. ಒಂದರ ಮೇಲೆ ಬೆರಳಿಟ್ಟೆ. ಆ ಒಂದು ಒತ್ತಿಗೆ ಯಾರದೋ ಖಾತೆಯಿಂದ ಒಂದಿಷ್ಟು ಹಣ ಗೂಗಲಿಗೆ ಜಮೆಯಾಯಿತು. ಕೋಣೆ ಬೇಕಿಲ್ಲದವನು ಒತ್ತಿದ್ದಕ್ಕೆ ಆ ಮಾಲೀಕರ ಕ್ಷಮೆ ಇರಲಿ. ನೀವು ಕಾಸು ಬಿಚ್ಚಿಲ್ಲ, ನಾನೂ ಬಿಚ್ಚಿಲ್ಲ. ಬಿಚ್ಚಿದವರು ನಮ್ಮೂರಿನವರೇ, ಅತಿಥಿ ಸಿಗಲಿ ಎಂದು.

ಪ್ಲೇ ಸ್ಟೋರಿನದು ಇನ್ನೊಂದು ಬಳ್ಳಿ. ಅದರ ಮೂಲಕ ನಡೆಯುವ ಮಾರಾಟದಲ್ಲಿ ಗೂಗಲ್ ನೂರಕ್ಕೆ 30 ಹಿಡಿದುಕೊಳ್ಳುತ್ತಿತ್ತು. 2021ರಲ್ಲಿ, ವರ್ಷದ ಮೊದಲ ಹತ್ತು ಲಕ್ಷ ಡಾಲರಿನವರೆಗೆ ಅದನ್ನು 15ಕ್ಕೆ ಇಳಿಸಿತು.

ಈಗ ನೀವು ಕೇಳಿದ ಅಂಕಿ. ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡದ್ದು 2005ರಲ್ಲಿ. ಆಂಡ್ರಾಯ್ಡ್ ಇರುವ ಮೊದಲ ಮೊಬೈಲ್ ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ತನ್ನ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಭಾಗಗಳನ್ನು ಅಪ್ಪಣೆಯಿಲ್ಲದೆ ಬಳಸಿದ್ದಾರೆಂದು ಒರಾಕಲ್ ಕಂಪನಿ 2010ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿತು. 2016ರ ಜನವರಿಯಲ್ಲಿ ಒರಾಕಲಿನ ವಕೀಲರು ನ್ಯಾಯಾಧೀಶರ ಮುಂದೆ ಗುಟ್ಟು ಬಿಟ್ಟುಕೊಟ್ಟರು: ಆಂಡ್ರಾಯ್ಡಿನಿಂದ ಅಲ್ಲಿಯವರೆಗೆ ಬಂದ ಆದಾಯ 3,100 ಕೋಟಿ ಡಾಲರ್, ಲಾಭ 2,200 ಕೋಟಿ ಡಾಲರ್. ಗೂಗಲ್ ಗಾಬರಿಬಿದ್ದು, ಆಂಡ್ರಾಯ್ಡಿನ ಲೆಕ್ಕವನ್ನು ನಾವು ಬೇರೆಯಾಗಿ ಹೊರಗೆಡಹುವುದೇ ಇಲ್ಲ, ಅದನ್ನು ಕಡತದಲ್ಲಿ ಮುಚ್ಚಿಡಿ ಎಂದು ಕೇಳಿಕೊಂಡಿತು. ಆದರೂ ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ಪರಿಹಾರ ಕೇಳುವವನು ಎದುರಾಳಿಯ ಲಾಭವನ್ನು ಉಬ್ಬಿಸಿಯೇ ಹೇಳುತ್ತಾನೆ, ಆದ್ದರಿಂದ ಅಂಕಿಯನ್ನು ಅಷ್ಟಕ್ಕೇ ಇಟ್ಟುಕೊಳ್ಳಿ. ಮೊಕದ್ದಮೆಯನ್ನು ಕೊನೆಗೆ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಗೆದ್ದಿತು.

ನನ್ನನ್ನು ಕೇಳಿದರೆ ಆ ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಅಂಕಿಯೇ ಹೆಚ್ಚು ಮಾತಾಡುತ್ತದೆ. ಐಫೋನಿನಲ್ಲಿ ತನ್ನ ಹುಡುಕಾಟವನ್ನು ಇಡಿಸಲು ಗೂಗಲ್ 2014ರಲ್ಲಿ ಆಪಲ್‌ಗೆ 100 ಕೋಟಿ ಡಾಲರ್ ಕೊಟ್ಟಿತ್ತು. ಮುಂದೆ ಅಮೆರಿಕ ಸರ್ಕಾರವೇ ಗೂಗಲಿನ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ತಿಳಿದಂತೆ, 2022ರಲ್ಲಿ ಅದು 2,000 ಕೋಟಿ ಡಾಲರ್ ಆಗಿತ್ತು. ಪಕ್ಕದ ತೋಟದವರ ದಾರಿಯಲ್ಲಿ ನಿಮ್ಮ ಕಾಫಿ ಲಾರಿ ಹೋಗಬೇಕಾದರೆ, ಫಸಲು ಹೆಚ್ಚಿದಂತೆಲ್ಲ ಅವರು ದರ ಏರಿಸುತ್ತಾರೆ; ನಿಮ್ಮದೇ ದಾರಿ ಇದ್ದರೆ ಆ ಹಣ ಉಳಿಯುತ್ತದೆ. ಆಂಡ್ರಾಯ್ಡ್ ಗೂಗಲಿನ ಸ್ವಂತ ದಾರಿ. ಅಲ್ಲಿಯೂ ಮೊಬೈಲ್ ತಯಾರಕರಿಗೆ ಗೂಗಲ್ ಪಾಲು ಕೊಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆಪಲ್ ಆಡಿಸುವಂತೆ ಆಡಿಸಲು ಅವರಿಗೆ ಆಗುವುದಿಲ್ಲ. ಜಗತ್ತಿನ ಮೊಬೈಲುಗಳೆಲ್ಲ ಐಫೋನ್ ಆಗಿದ್ದಿದ್ದರೆ ಗೂಗಲ್ ಎಷ್ಟು ತೆರಬೇಕಿತ್ತೋ, ಅದರಲ್ಲಿ ಉಳಿಸಿಕೊಂಡದ್ದೇ ಆಂಡ್ರಾಯ್ಡಿನ ನಿಜವಾದ ಲಾಭ. ಆ ಮೊತ್ತ ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ನಿಮ್ಮ ಐಫೋನ್ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಆಪಲಿನ ಸಫಾರಿಯಲ್ಲಿ ನಡೆಯುವ ಹುಡುಕಾಟದ ಆದಾಯದಲ್ಲಿ ಆಪಲ್‌ಗೆ ಹೋಗುತ್ತಿದ್ದುದು ನೂರಕ್ಕೆ 36 ಎಂದು 2023ರಲ್ಲಿ ಹೊರಬಿತ್ತು. ಮಿಕ್ಕ 64 ಗೂಗಲಿನದೇ. ಹಂಗು ತಪ್ಪುವುದಿಲ್ಲ, ಮೊಬೈಲಿನ ಬೆಲೆ ಮಾತ್ರ ಏರುತ್ತದೆ.

‘ಪುಕ್ಕಟೆ’ ಎಂಬ ಮಾತೂ ಅರ್ಧ ಮಾತ್ರ ನಿಜ. ಆಂಡ್ರಾಯ್ಡಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಕೊಂಡೊಯ್ಯಬಹುದು. ಪ್ಲೇ ಸ್ಟೋರ್ ಬೇಕೆಂದರೆ ಗೂಗಲಿನ ಷರತ್ತಿಗೆ ರುಜು ಹಾಕಬೇಕು. 2019ರಲ್ಲಿ ಅಮೆರಿಕದ ನಿರ್ಬಂಧದಿಂದ ಚೀನಾದ ಹುವಾವೆಗೆ ಪ್ಲೇ ಸ್ಟೋರ್ ತಪ್ಪಿಹೋಯಿತು. ಮೂಲ ಸಂಕೇತ ಕೈಯಲ್ಲೇ ಇದ್ದರೂ ಚೀನಾದ ಹೊರಗೆ ಅದರ ಮೊಬೈಲುಗಳನ್ನು ಕೇಳುವವರು ಬಹಳ ಕಡಿಮೆಯಾದರು. ಈ ಷರತ್ತುಗಳಿಗಾಗಿಯೇ ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಷರತ್ತು ಹಾಕಿ ಹಂಚಿದ್ದಕ್ಕೆ ಇಷ್ಟು ದಂಡ ಕಟ್ಟಿಯೂ ಹಂಚುವುದನ್ನು ನಿಲ್ಲಿಸಿಲ್ಲ ಎಂದರೆ ಬಳ್ಳಿಯಲ್ಲಿ ಎಷ್ಟು ಗೊಂಚಲು ಇಳಿಬಿದ್ದಿರಬೇಕು, ನೀವೇ ಅಂದಾಜು ಮಾಡಿ.

ಒಂದು ಕೆಲಸ ಮಾಡಬಹುದು. ಮಗಳ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬಲ್ಲಿ ಹೋಗಿ ಜಾಹೀರಾತಿನ ಭಾಗವನ್ನು ತೆರೆದರೆ, ಹೊಸ ಆಂಡ್ರಾಯ್ಡುಗಳಲ್ಲಿ ಜಾಹೀರಾತು ಐಡಿಯನ್ನು ಅಳಿಸುವ ಅವಕಾಶವಿದೆ. ಜಾಹೀರಾತು ನಿಲ್ಲುವುದಿಲ್ಲ, ಆ್ಯಪಿನಿಂದ ಆ್ಯಪಿಗೆ ಆ ಗುರುತು ಹಿಡಿದು ಬೆನ್ನು ಹತ್ತುವುದು ನಿಲ್ಲುತ್ತದೆ. ನಿಮಗೆ ಸಿಗದಿದ್ದರೆ ಮಗಳನ್ನೇ ಕೇಳಿ.

— ಸಂ.