ಹಳೇ ಹೌಸಿಂಗ್ ಬೋರ್ಡ್ ಕಾಲೋನಿ ಉಳಿಸಲು ಅಲ್ಲಿನ ಜನರನ್ನು ಒಪ್ಪಿಸುವುದು ಹೇಗೆ?

ನೀವು ಕೇಳಿದ್ದು: ನಮ್ಮದು ಹಳೇ ಕಾಲೋನಿ, ಚಪ್ಪಟೆ ತಾರಸಿ, ಸಿಮೆಂಟ್ ಜಾಲಿ, ಒಂದೇ ಥರದ ಮನೆಗಳು. ಒಂದೊಂದಾಗಿ ಒಡೆಯುತ್ತಿದ್ದಾರೆ. ಅರಮನೆಯಲ್ಲ, ಗುಡಿಯಲ್ಲ, ಇದನ್ನು ಉಳಿಸಿ ಅಂತ ಹೇಗೆ ಹೇಳುವುದು?

ಮೊದಲು, ‘ಪಾರಂಪರಿಕ’ ಅನ್ನುವ ಪದವನ್ನು ಮೀಟಿಂಗಿಗೆ ತರಬೇಡಿ. ನಾನು ತಂದು ಕೆಟ್ಟಿದ್ದೇನೆ. ನಾನಿರುವುದು ಮೈಸೂರಿನ ಹೌಸಿಂಗ್ ಬೋರ್ಡ್ ಕಾಲೋನಿಯ ಒಂದು ಎಂಐಜಿ (ಮಧ್ಯಮ ಆದಾಯದವರಿಗೆ ಕಟ್ಟಿದ) ಮನೆಯಲ್ಲಿ. ಪಾರ್ಕಿನಲ್ಲಿ ಕುರ್ಚಿ ಹಾಕಿಸಿ, ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯ ಕಥೆ ಹೇಳಿದೆ. 2011ರಲ್ಲಿ ಅದನ್ನು ಕೆಡವಲು ಹೊರಟಿದ್ದರು, ಊರಿನವರು ಗಲಾಟೆ ಮಾಡಿದ ಮೇಲೆ ನಿಂತಿತು, 2016ರಲ್ಲಿ ಮ್ಯೂಸಿಯಂ ಆಯಿತು. ಹಿಂದಿನ ಸಾಲಿನಿಂದ ರಿಟೈರ್ಡ್ ಮೇಷ್ಟ್ರೊಬ್ಬರು ಎದ್ದರು. “ನಮ್ಮ ಬೀದೀಲಿ ನಾರಾಯಣ್ ಇರಲಿಲ್ಲವಲ್ಲಪ್ಪಾ. ಅಂದ್ರೆ ನನ್ನ ಮಗ ಮೇಲೊಂದು ರೂಮು ಕಟ್ಟೋ ಹಾಗಿಲ್ಲ, ಅಲ್ವಾ?” ನಾನು ಉತ್ತರ ಹುಡುಕುವಷ್ಟರಲ್ಲಿ ಅರ್ಧ ಜನ ಕಾಫಿಗೂ ಕಾಯದೆ ಎದ್ದು ಹೋದರು.

ಅವರ ಭಯ ಸುಳ್ಳಲ್ಲ. ಮನೆ ಅವರದು, ಸಾಲ ತೀರಿಸಿದವರೂ ಅವರೇ.

ಆಮೇಲೆ ಕೆಲಸಕ್ಕೆ ಬಂದದ್ದು ಜಾಲಿ. ಎದುರು ಮನೆಯವರು ಧೂಳು, ಸೊಳ್ಳೆ ಅಂತ ವರಾಂಡದ ಜಾಲಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿದ್ದರು. ಏಪ್ರಿಲ್‌ನಲ್ಲಿ ಅಲ್ಲಿ ಕೂರೋಕಾಗಲ್ಲ, ಸುಮ್ನೆ ಫ್ಯಾನ್ ತಿರುಗುತ್ತದೆ. ನಮ್ಮ ಕಡೆ ಜಾಲಿಯೊಳಗಿಂದ ಗಾಳಿ ಬರುತ್ತದೆ, ಬಿಸಿಲು ತುಂಡಾಗಿ ಬೀಳುತ್ತದೆ. ನಾವು ಒಳಗಡೆಯಿಂದ ಸೊಳ್ಳೆ ಪರದೆಯ ಫ್ರೇಮ್ ಕೂರಿಸಿಕೊಂಡೆವು, ಅಷ್ಟೇ. ಆದರೆ ಒಡೆದ ಜಾಲಿಗೆ ಬದಲಿ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿರುವುದರ ಅಳತೆಯೇ ಬೇರೆ. ಕೊನೆಗೆ ನಮ್ಮ ಗಾರೆ ಕೆಲಸದವರು ಹಳೇ ಜಾಲಿಯೊಂದನ್ನು ಇಟ್ಟುಕೊಂಡು ಮರದ ಅಚ್ಚು ಮಾಡಿಸಿದರು. ಮೊದಲ ಮೂರು ಜಾಲಿ ಮೂಲೆಯಲ್ಲೇ ಮುರಿದವು. ಅವಸರಕ್ಕೆ ಮಾರನೇ ಬೆಳಿಗ್ಗೆಯೇ ನಾನು ಅಚ್ಚು ಬಿಚ್ಚಿದ್ದೆ. “ಸರಿಯಾಗಿ ನೀರು ಕುಡಿಸಿ ಸ್ವಾಮಿ, ಅದೂ ಗಟ್ಟಿಯಾಗಬೇಕಲ್ಲ” ಅಂದರು ಗಾರೆಯವರು. ಆಮೇಲೆ ಆ ಅಚ್ಚು ಮನೆಯಿಂದ ಮನೆಗೆ ಓಡಾಡತೊಡಗಿತು. ನನ್ನ ಭಾಷಣಕ್ಕೆ ಬಗ್ಗದವರು ಅಚ್ಚು ಕೇಳಿಕೊಂಡು ಬಂದರು.

ಇನ್ನೊಂದು, ಸೋರಿಕೆ. ಹೆಚ್ಚಿನವರು ಮನೆ ಕೆಡವಲು ತೀರ್ಮಾನಿಸುವುದು ಮಳೆಗಾಲದಲ್ಲೇ. ಕಿಟಕಿಯ ಮೇಲೆ ಚಾಚಿರುವ ಸಜ್ಜಾದ ಬಿರುಕಿಗೆ ನೀರಿಳಿದು ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ, ಚಕ್ಕೆ ಉದುರುತ್ತದೆ. ಕಂಟ್ರಾಕ್ಟರ್ ಒಬ್ಬರು ಅದನ್ನು ನೋಡಿ “ಮನೆಯೇ ಹೋಯ್ತು, ಒಡೆದು ಕಟ್ಟಿ” ಅಂದುಬಿಟ್ಟಿದ್ದರು. ಹೋಗಿದ್ದು ಸಜ್ಜಾ ಮಾತ್ರ. ಇಂಥ ರಿಪೇರಿಯನ್ನು ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಮಾಡಿಸಿ, ಖರ್ಚು ಇಳಿಯುತ್ತದೆ. ಆದರೆ ಛಾವಣಿಯ ಕಂಬಿಯೇ ತಿಂದುಹೋಗಿದ್ದರೆ ಹಠ ಮಾಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಬೇರೆ ಕಡೆಯೂ ನಡೆದಿರುವುದು ಇಂಥದ್ದೇ. ಬರ್ಲಿನ್‌ನಲ್ಲಿ 1925ರಿಂದ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಅನ್ನುವ ವಾಸ್ತುಶಿಲ್ಪಿಗಳು ಕಟ್ಟಿದ ಕುದುರೆ ಲಾಳದ ಆಕಾರದ ಕಾಲೋನಿ ಇದೆ. ಅದೂ ಸೇರಿ ಅಂಥ ಆರು ಕಾಲೋನಿಗಳು 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆದರೆ ಆ ಲಾಳದ ಕಾಲೋನಿಯ ಸಾಲು ಮನೆಗಳು ಒಬ್ಬೊಬ್ಬರಿಗೆ ಮಾರಾಟವಾಗಿದ್ದವು, ಒಬ್ಬೊಬ್ಬರು ಒಂದೊಂದು ಬಣ್ಣ ಬಳಿಯುವ ಹಾಗಾಗಿತ್ತು. ಅಲ್ಲೇ ವಾಸವಿದ್ದ ಒಂದು ಜೋಡಿ ಮೂಲ ಬಣ್ಣ, ಬಾಗಿಲು, ಕಿಟಕಿ, ತೋಟ ಹೇಗಿದ್ದವು ಅಂತ ವಿವರ ಕೂಡಿಸಿ ಆನ್‌ಲೈನ್‌ನಲ್ಲಿ ಹಾಕಿತು. ಒಂದು ಮನೆಯನ್ನು ಹಳೇ ರೂಪಕ್ಕೆ ತಂದು ಬಾಡಿಗೆಗೂ ಕೊಡುತ್ತದೆ. ರಿಪೇರಿ ಮಾಡಿಸುವವನಿಗೆ ಉಪದೇಶಕ್ಕಿಂತ ಪೇಂಟಿನ ವಿವರ ಬೇಕು ನೋಡಿ.

ಚಂಡೀಗಢದ ದಾರಿ ಬೇರೆ. ಅಲ್ಲಿನ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. ಊರಿನ ಮೊದಲ ಹಂತದಲ್ಲಿ ಕಟ್ಟಿದ ಸೆಕ್ಟರ್‌ಗಳಲ್ಲಿ, ಅಂದರೆ ಬಡಾವಣೆಗಳಲ್ಲಿ, ಒಂಟಿ ಮನೆಗಳನ್ನು ಮಹಡಿ ಮಹಡಿಯಾಗಿ ಅಪಾರ್ಟ್‌ಮೆಂಟ್ ಮಾಡುವುದಕ್ಕೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ನಮ್ಮಂಥ ಕಾಲೋನಿಗೆ ಅಷ್ಟು ದುಡ್ಡು, ತಾಳ್ಮೆ ಎಲ್ಲಿಂದ ಬರಬೇಕು?

ನೀವು ಬೀರುವಿನಿಂದ ಶುರು ಮಾಡಿ. ಹಂಚಿಕೆ ಪತ್ರದ ಕಂತೆಯಲ್ಲಿ ಮನೆಯ ನಕ್ಷೆ ಇಟ್ಟುಕೊಂಡಿರುವ ಅಜ್ಜಿ ಒಬ್ಬರಾದರೂ ಸಿಗುತ್ತಾರೆ. ಅದನ್ನು ಜೆರಾಕ್ಸ್ ಮಾಡಿಸಿ ಹಂಚಿ. ನಿಯಮ ಮಾಡುವುದಿದ್ದರೆ ಎರಡೋ ಮೂರೋ ಸಾಕು: ಕಾಂಪೌಂಡ್ ಎತ್ತರ ಏರಿಸಬಾರದು, ಪಾರ್ಕಿಗೆ ಕಾಂಕ್ರೀಟ್ ಹಾಕಬಾರದು, ಮೇಲೆ ಕಟ್ಟುವವರು ರಸ್ತೆಯಿಂದ ಹಿಂದಕ್ಕೆ ಸರಿಸಿ ಕಟ್ಟಬೇಕು.

ನಮ್ಮಲ್ಲೂ ಎಲ್ಲ ಉಳಿದಿಲ್ಲ. ಮೂಲೆ ಮನೆ ಈಗ ಮೂರು ಮಹಡಿಯ ಪಿಜಿ. ಆದರೆ ಮೇಷ್ಟ್ರ ಮಗ ಮೇಲಿನ ರೂಮನ್ನು ಹಿಂದಕ್ಕೆ ಸರಿಸಿಯೇ ಕಟ್ಟುತ್ತಿದ್ದಾನೆ. ಅದರ ಕಿಟಕಿಗೂ ಜಾಲಿ ಬೇಕು ಅಂತ ಅಚ್ಚು ತೆಗೆದುಕೊಂಡು ಹೋದವನು ಇನ್ನೂ ವಾಪಸ್ ಕೊಟ್ಟಿಲ್ಲ.