ವೀಣೆ ಕಲಿತ ಕೈಗೆ ಸ್ಕಾರ್ಲಟ್ಟಿ ಸೊನಾಟಾ: ಪೆಡಲ್ ಬಿಡಿ, ಬೆರಳು ಎತ್ತಿ

ಅಕ್ಕಾ, ನಿಮ್ಮ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಸಾಲದು. ಹಾಗಾಗಿ ಸಾವಕಾಶವಾಗಿ ಕುಳಿತು ಬರೆಯುತ್ತಿದ್ದೇನೆ, ನೀವೂ ಸಾವಕಾಶವಾಗಿ ಓದಿ. ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿಯ ಮನೆಯಲ್ಲಿ 88 ಕೀಗಳ ಡಿಜಿಟಲ್ ಪಿಯಾನೋ ಇದೆ. ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದೀರಿ, ಪಾಶ್ಚಾತ್ಯ ಸ್ವರಲಿಪಿಯನ್ನು ತಡವರಿಸಿಯಾದರೂ ಓದುತ್ತೀರಿ. 18ನೆಯ ಶತಮಾನದ ಇಟಲಿಯ ಸಂಗೀತಗಾರ ಡೊಮೆನಿಕೊ ಸ್ಕಾರ್ಲಟ್ಟಿಯ ಇ ಮೇಜರ್ ಸೊನಾಟಾ (ಕೀಲಿವಾದ್ಯದ ಕಿರುಕೃತಿ), ಅಂದರೆ ಅವನ ಕೃತಿಗಳ ಪಟ್ಟಿಯಲ್ಲಿ ಕೆ. 380, ನುಡಿಸುವ ಆಸೆ. ಸ್ವರಗಳೆಲ್ಲ ಸರಿಯಾಗಿಯೇ ಬೀಳುತ್ತಿದ್ದರೂ ಒಟ್ಟು ಕೇಳಿದಾಗ ಕಲಸುಮೇಲೋಗರ. ನಾದವನ್ನು ಉಳಿಸುವ ಕಾಲಿನ ಪೆಡಲ್ ಹೆಚ್ಚು ಒತ್ತಬೇಕೇ, ವೇಗ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಪೆಡಲ್ ಒತ್ತಿ ಎಂದು ಇಲ್ಲಿ ಆಗಲೇ ಕೆಲವರು ಹೇಳಿಯಾಗಿದೆ. ನನ್ನ ಅಭಿಪ್ರಾಯ ನೇರವಾಗಿ ಅದಕ್ಕೆ ವಿರುದ್ಧ. ಸದ್ಯಕ್ಕೆ ಪೆಡಲನ್ನು ಕಾಲಿಗೆ ಸಿಗದ ಹಾಗೆ ಗೋಡೆಯ ಕಡೆ ತಳ್ಳಿಬಿಡಿ. ವೇಗವನ್ನೂ ಮರೆತುಬಿಡಿ. ನಿಮಗೆ ಬೇಕಾಗಿರುವುದು ಒತ್ತಿದ ಬೆರಳನ್ನು ಸರಿಯಾದ ಹೊತ್ತಿಗೆ ಎತ್ತುವ ಅಭ್ಯಾಸ.

ಯಾಕೆಂದರೆ ಈ ಸೊನಾಟಾ ಹುಟ್ಟಿದ್ದು ಹಾರ್ಪ್ಸಿಕಾರ್ಡ್ ಮೇಲೆ, ಅದು ನಿಮ್ಮ ವೀಣೆಯ ಹಾಗೆ ಮೀಟುವ ವಾದ್ಯ. ಕೀ ಒತ್ತಿದರೆ ಒಳಗೆ ತೆಳುವಾದ ಮರದ ಪಟ್ಟಿಯೊಂದು ಮೇಲೇಳುತ್ತದೆ. ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ದಂಟಿನ ಚೂರು ತಂತಿಯನ್ನು ಮೀಟಿಕೊಂಡು ಹೋಗುತ್ತದೆ. ಬೆರಳು ಎತ್ತಿದ ತಕ್ಷಣ ಪಟ್ಟಿ ಕೆಳಗಿಳಿದು, ಅದರ ಬಟ್ಟೆಯ ತುಂಡು ತಂತಿಯ ಮೇಲೆ ಕುಳಿತು ನಾದವನ್ನು ನಿಲ್ಲಿಸುತ್ತದೆ. ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಹೆಚ್ಚುಕಡಿಮೆ ಒಂದೇ. ಅಂದ ಮೇಲೆ ನುಡಿಸುವವರ ಕೈಯಲ್ಲಿ ಉಳಿದದ್ದು ಎರಡೇ: ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು. ಆ ಸಂಗೀತದ ಭಾವವೆಲ್ಲ ಈ ಬಿಡುವಿನಲ್ಲೇ ಅಡಗಿದೆ. ವೀಣೆಯಲ್ಲಿ ಮೀಟಿದ ಮೇಲೂ ಎಡಗೈ ತಂತಿಯನ್ನು ಎಳೆದು ನಾದವನ್ನು ಮುಂದುವರಿಸುತ್ತದೆ, ಹಾಗಾಗಿ ಬೆರಳನ್ನು ಅಲ್ಲೇ ಉಳಿಸಿಕೊಳ್ಳುವುದು ನಿಮ್ಮ ಕೈಗೆ ರೂಢಿ. ಅದೇ ರೂಢಿ ಪಿಯಾನೋದ ಮೇಲೆ ಬಂದಾಗ ಹಿಂದಿನ ಸ್ವರ ಮುಂದಿನದರ ಮೇಲೆ ಚೆಲ್ಲುತ್ತದೆ. ಕಲಸುಮೇಲೋಗರದ ಮೂಲ ಬಹುಪಾಲು ಅಲ್ಲೇ ಇರಬೇಕು.

ಪರೀಕ್ಷೆ ಮಾಡಿ ನೋಡಲು ಸುಲಭ. ಹೆಚ್ಚಿನ ಡಿಜಿಟಲ್ ಪಿಯಾನೋಗಳಲ್ಲಿ ಹಾರ್ಪ್ಸಿಕಾರ್ಡ್ ದನಿಯ ಗುಂಡಿ ಇರುತ್ತದೆ. ಅದನ್ನು ಒತ್ತಿ, ಬಲಗೈಯಲ್ಲಿ ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಈ ನಾಲ್ಕೇ ಸ್ವರಗಳನ್ನು ಬಹಳ ನಿಧಾನವಾಗಿ ನುಡಿಸಿ. ಮೊದಲ ಸಲ ಒಂದಕ್ಕೊಂದು ಅಂಟಿಕೊಂಡಂತೆ. ಎರಡನೆಯ ಸಲ ಪ್ರತಿ ಸ್ವರವನ್ನೂ ಅದರ ಕಾಲದ ಅರ್ಧಕ್ಕೇ ಬಿಟ್ಟು. ಮೂರನೆಯ ಸಲ ಮೊದಲೆರಡು ಅಂಟಿಸಿ, ಕೊನೆಯೆರಡು ಬಿಡಿಸಿ. ಮೂರು ಬೇರೆ ಬೇರೆ ಮಾತುಗಳು ಕೇಳಿಸುತ್ತವೆ. ಪಿಯಾನೋ ದನಿಯಲ್ಲಿ ಇದೇ ಅಭ್ಯಾಸ ಮಾಡಿದರೆ ಜೋರು-ಮೆಲು ಅಡ್ಡ ಬಂದು ಕಿವಿಗೆ ಮೋಸವಾಗುತ್ತದೆ. ಹಾರ್ಪ್ಸಿಕಾರ್ಡ್ ದನಿಯಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಬೆರಳು ಒಂದು ಕ್ಷಣ ಹೆಚ್ಚು ಉಳಿದರೂ ಎರಡು ಸ್ವರ ಒಟ್ಟಿಗೆ ಕೇಳಿಸುತ್ತವೆ. ದಿನದ ಅಭ್ಯಾಸದಲ್ಲಿ ಮೊದಲ ಅರ್ಧ ಈ ದನಿಯಲ್ಲೇ ಇರಲಿ.

ಎಲ್ಲಿ ಅಂಟಿಸಬೇಕು, ಎಲ್ಲಿ ಬಿಡಿಸಬೇಕು ಎಂದರೆ, ಆ ಕಾಲದ ಸಂಗೀತಕ್ಕೆ ಸಾಮಾನ್ಯವಾಗಿ ಒಪ್ಪುವ ಒಂದು ಹದವಿದೆ. ಪಕ್ಕದ ಸ್ವರಕ್ಕೆ ಹೆಜ್ಜೆ ಹಾಕುವಾಗ ಅಂಟಿಸಿ, ದೂರದ ಸ್ವರಕ್ಕೆ ಹಾರುವಾಗ ಬಿಡಿಸಿ. ಎಡಗೈಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಎಡಗೈ ಬಿಡಿಸಿಕೊಂಡು ನಡೆದರೆ ಬಲಗೈಯ ತಪ್ಪುಗಳು ಅರ್ಧ ಮುಚ್ಚಿಹೋಗುತ್ತವೆ, ಎಡಗೈ ಅಂಟಿಕೊಂಡರೆ ಬಲಗೈ ಎಷ್ಟು ಚೆನ್ನಾಗಿದ್ದರೂ ಕೇಳುವುದಿಲ್ಲ. ಹಾಗಾಗಿ ಎಡಗೈಯನ್ನು ಒಂಟಿಯಾಗಿ, ಅದೇ ಒಂದು ಕೃತಿ ಎನ್ನುವಂತೆ, ನೋಡದೆ ನುಡಿಸಲು ಬರುವವರೆಗೆ ಕಲಿಯಿರಿ. ಬೇಸರದ ಕೆಲಸವೇ, ಆದರೆ ಇದಕ್ಕೆ ಬದಲಿ ಇಲ್ಲ.

ಈಗ ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ನುಡಿಸುವುದು. ಕೆ. 380ರ ಬಾಗಿಲು ತೆರೆಯುವುದೇ ಟ್ರಿಲ್‌ನಿಂದ, ನಿಮ್ಮ ವೇಗ ಮುಗ್ಗರಿಸುತ್ತಿರುವುದೂ ಅಲ್ಲೇ ಎಂದು ಬರೆದಿದ್ದೀರಿ. ವೀಣೆಯವರಿಗೆ ಇದು ಗಮಕದ ಹಾಗೆ ಕಾಣುತ್ತದೆ, ಕೈ ತಾನಾಗಿ ಕಂಪಿತವನ್ನು, ಅಂದರೆ ಸ್ವರದ ತೂಗಾಟವನ್ನು, ಹುಡುಕುತ್ತದೆ. ಪಿಯಾನೋದಲ್ಲಿ ಎರಡು ಸ್ವರಗಳ ನಡುವೆ ಜಾಗವೇ ಇಲ್ಲದಿರುವುದರಿಂದ ಆ ದಾರಿ ಮುಚ್ಚಿದೆ. ಸ್ಫುರಿತವೆಂಬ ಗಮಕ ಇದಕ್ಕೆ ಸ್ವಲ್ಪ ಹತ್ತಿರ, ಆದರೆ ದಿಕ್ಕು ತಿರುಗಿಸಬೇಕು: ಸ್ಫುರಿತದಲ್ಲಿ ಕೆಳಗಿನ ಸ್ವರ ತಗುಲುತ್ತದೆ, ಸ್ಕಾರ್ಲಟ್ಟಿಯ ಕಾಲದ ಟ್ರಿಲ್ ಸಾಮಾನ್ಯವಾಗಿ ಮೇಲಿನ ಸ್ವರದಿಂದ ಹೊರಡುತ್ತದೆ. ಎಫ್ ಶಾರ್ಪ್ ಮೇಲೆ ಟ್ರಿಲ್ ಗುರುತಿದ್ದರೆ ನುಡಿಸಬೇಕಾದದ್ದು ಜಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್, ಎಫ್ ಶಾರ್ಪ್. ಆ ಮೊದಲ ಜಿ ಶಾರ್ಪ್ ತಾಳದ ಪೆಟ್ಟಿನ ಮೇಲೇ, ಎಡಗೈಯ ಸ್ವರದ ಜೊತೆಗೇ ಬೀಳಬೇಕು, ಪೆಟ್ಟಿಗೆ ಮೊದಲು ನುಸುಳಬಾರದು. ಸದ್ಯಕ್ಕೆ ನಾಲ್ಕೇ ಸ್ವರ ಸಾಕು. ಬೆರಳು ಹೊಂದುವ ಕಡೆ 3 ಮತ್ತು 1 (ನಡುಬೆರಳು ಮತ್ತು ಹೆಬ್ಬೆರಳು) ಬಳಸಿ, ಅಕ್ಕಪಕ್ಕದ 4 ಮತ್ತು 3 ಬೇಗ ದಣಿಯುತ್ತವೆ. ಇನ್ನೊಂದು ಮಾತು: ಮೊದಲ ವಾರ ಟ್ರಿಲ್‌ಗಳನ್ನೆಲ್ಲ ಕಿತ್ತುಹಾಕಿ ಬರೀ ಮೂಲ ಸ್ವರ ನುಡಿಸಿ. ಮೂರು ಎಣಿಕೆಯ ತಾಳ ಅಲುಗಾಡದೆ ನಿಂತ ಮೇಲೆ ಒಂದೊಂದಾಗಿ ಸೇರಿಸಿ. ತಾಳ ನಿಲ್ಲುವ ಮೊದಲೇ ಒಡವೆ ತೊಡಿಸಿದರೆ ಆ ಒಡವೆಯ ಭಾರಕ್ಕೇ ತಾಳ ಕುಸಿಯುತ್ತದೆ.

ನಿಮ್ಮ ಕರ್ನಾಟಕ ಸಂಗೀತ ನಿಜವಾಗಿ ಕೈಹಿಡಿಯುವ ಜಾಗ ಬೇರೆಯಿದೆ. ಇ ಎಂದರೆ ಹಾರ್ಮೋನಿಯಂನವರು ಬಿಳಿ ಮೂರು ಎನ್ನುವ ಸ್ವರ. ಅದನ್ನು ಷಡ್ಜವೆಂದುಕೊಂಡರೆ ಇ ಮೇಜರ್ ನಮ್ಮ ಶಂಕರಾಭರಣದ ಸ್ವರಗಳೇ. ಆದರೆ ನಮ್ಮಲ್ಲಿ ಆಧಾರ ಶ್ರುತಿ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ, ಇಲ್ಲಿ ಅರ್ಧ ದಾರಿಯಲ್ಲೇ ಮನೆ ಬದಲಾಗುತ್ತದೆ. ಈ ಸೊನಾಟಾದ ಮೊದಲ ಭಾಗ ಪಂಚಮವನ್ನು, ಅಂದರೆ ಬಿ ಸ್ವರವನ್ನು, ಹೊಸ ಷಡ್ಜವಾಗಿಸಿಕೊಂಡು ಮುಗಿಯುತ್ತದೆ. ಶಂಕರಾಭರಣದ ಪಂಚಮದಿಂದ ಗ್ರಹಭೇದ ಮಾಡಿದರೆ, ಅಂದರೆ ಅದೇ ಸ್ವರಗಳನ್ನಿಟ್ಟುಕೊಂಡು ಷಡ್ಜ ಮಾತ್ರ ಬದಲಿಸಿದರೆ, ಹರಿಕಾಂಭೋಜಿ ಬರಬೇಕಲ್ಲವೇ? ಇಲ್ಲಿ ಅದು ಬರುವುದಿಲ್ಲ, ಯಾಕೆಂದರೆ ಸ್ಕಾರ್ಲಟ್ಟಿ ಹಳೆಯ ಶುದ್ಧ ಮಧ್ಯಮವನ್ನು ಅರ್ಧ ಸ್ವರ ಮೇಲೇರಿಸುತ್ತಾನೆ. ಎ ಹೋಗಿ ಎ ಶಾರ್ಪ್ ಆಗುತ್ತದೆ, ಅದು ಬಿ ಷಡ್ಜಕ್ಕೆ ಕಾಕಲಿ ನಿಷಾದ, ಹೀಗೆ ಅಲ್ಲೂ ಶಂಕರಾಭರಣವೇ ನಿಲ್ಲುತ್ತದೆ. ಹಾಳೆಯಲ್ಲಿ ಎ ಶಾರ್ಪ್ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಸುತ್ತುಗಳು ಎಲ್ಲಿಂದ ದಟ್ಟವಾಗುತ್ತವೆಯೋ ಅಲ್ಲಿಂದ ನೀವು ಹೊಸ ಮನೆಯಲ್ಲಿದ್ದೀರಿ. ಎರಡನೆಯ ಭಾಗದ ಕೆಲಸವೆಂದರೆ ಒಂದಷ್ಟು ಅಲೆದಾಡಿ ಮತ್ತೆ ಇಗೆ ಮರಳುವುದು. ಇಷ್ಟು ಗೊತ್ತಿದ್ದರೆ ಕಂಠಪಾಠ ಅರ್ಧ ಆದಂತೆ.

ಕಲಿಯುವ ಕ್ರಮವೂ ಇದರಿಂದಲೇ ಹೊರಡುತ್ತದೆ. ಸ್ಕಾರ್ಲಟ್ಟಿಯ ಬಹುತೇಕ ಸೊನಾಟಾಗಳಿಗೆ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸಬೇಕು, ಮತ್ತು ಎರಡೂ ಭಾಗಗಳ ಕೊನೆ ಸಾಮಾನ್ಯವಾಗಿ ಒಂದೇ ಸಾಮಗ್ರಿ, ಶ್ರುತಿ ಮಾತ್ರ ಬೇರೆ. ಹಾಗಾಗಿ ಮೊದಲ ಆವರ್ತದಿಂದ ಶುರು ಮಾಡಬೇಡಿ. ಎರಡನೆಯ ಭಾಗದ ಕೊನೆಯ ನಾಲ್ಕು ಆವರ್ತಗಳನ್ನು ಮೊದಲು ಕಲಿಯಿರಿ, ಆಮೇಲೆ ಮೊದಲ ಭಾಗದ ಕೊನೆಯನ್ನು. ಕಪ್ಪು ಕೀಗಳು ಬೇರೆಯಾಗುವುದರಿಂದ ಬೆರಳ ಸಂಖ್ಯೆಗಳನ್ನು ಎರಡೂ ಕಡೆ ಬೇರೆಯಾಗಿಯೇ ಬರೆದುಕೊಳ್ಳಬೇಕು. ಬರೆದ ಮೇಲೆ ದಿನಕ್ಕೊಂದು ಬೆರಳು ಬದಲಿಸುವ ಚಪಲ ಬೇಡ. ಅಲ್ಲಿಂದ ಹಿಂದಕ್ಕೆ ಬನ್ನಿ. ನಡುವಿನ ಕಹಳೆಯ ಕರೆಯಂತಹ ಭಾಗ ಕಣ್ಣಿಗೆ ಸುಲಭವಾಗಿ ಕಂಡರೂ ಕೈಗೆ ಕಷ್ಟ, ಅದಕ್ಕೆ ಹೆಚ್ಚು ದಿನ ಕೊಡಿ. ಅಲ್ಲಿ ಎರಡು ಸ್ವರ ಜೊತೆಯಾಗಿ ಬರುವಾಗ ಎರಡೂ ಬೆರಳು ಒಟ್ಟಿಗೆ ಬೀಳುವುದರಷ್ಟೇ ಒಟ್ಟಿಗೆ ಏಳುವುದೂ ಮುಖ್ಯ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೃತಿಯ ತಲೆಯ ಮೇಲೆ ಆಂಡಾಂಟೆ ಕೊಮೊಡೊ ಎಂದಿದೆ, ಆರಾಮಾಗಿ ನಡೆಯುವ ಗತಿ. ತಾಳ ಎಣಿಸುವ ಮೆಟ್ರೊನೋಮ್ ಅನ್ನು 50ರಲ್ಲಿ ಇಟ್ಟು, ಟ್ರಿಲ್ ಸಮೇತ ಸಲೀಸಾಗಿ ಬಂದ ಮೇಲೆ ನಾಲ್ಕು ನಾಲ್ಕು ಏರಿಸಿ. 70ರ ಆಸುಪಾಸಿನಲ್ಲಿ ನಿಂತರೂ ಕೃತಿ ಚೆನ್ನಾಗಿಯೇ ಕೇಳುತ್ತದೆ. ಯೂಟ್ಯೂಬಿನಲ್ಲಿ ಕೆ. 141 ನೋಡಿ, ಅದೇ ಸ್ವರವನ್ನು ಪಟಪಟನೆ ಬಡಿಯುವುದನ್ನು ಕಂಡು ಮನಸ್ಸು ಕೆಡಿಸಿಕೊಳ್ಳಬೇಡಿ. ಅದು ಬೇರೆಯೇ ಮಟ್ಟದ ಕಸರತ್ತು.

ಸ್ವರಲಿಪಿಯ ಹಾಳೆ ಇಳಿಸಿಕೊಳ್ಳುವಾಗ ಎಚ್ಚರ. ಉಚಿತವಾಗಿ ಸಿಗುವುದು ಹೆಚ್ಚಾಗಿ ಲಾಂಗೊ ಎಂಬಾತ ಸಂಪಾದಿಸಿದ ಹಳೆಯ ಮುದ್ರಣ, ಅದರಲ್ಲಿ ಇದೇ ಕೃತಿ ಎಲ್. 23 ಎಂಬ ಸಂಖ್ಯೆಯಲ್ಲಿದೆ. ಕೆ. ಎಂಬುದು ಹಾರ್ಪ್ಸಿಕಾರ್ಡ್ ವಾದಕ, ವಿದ್ವಾಂಸ ರಾಲ್ಫ್ ಕರ್ಕ್‌ಪ್ಯಾಟ್ರಿಕ್ 1953ರಲ್ಲಿ ಕೊಟ್ಟ ಸಂಖ್ಯೆ. ಸ್ಕಾರ್ಲಟ್ಟಿ ಬರೆದ 555 ಸೊನಾಟಾಗಳ ಸ್ವಂತ ಕೈಬರಹ ಉಳಿದಿಲ್ಲ. ಸ್ಪೇನಿನ ರಾಣಿ ಮರಿಯಾ ಬಾರ್ಬರಾಗಾಗಿ ನಕಲು ಮಾಡಿದ ಸಂಪುಟಗಳು ವೆನಿಸ್‌ನಲ್ಲೂ, ಅದೇ ತರಹದ ನಕಲು ಸಂಪುಟಗಳು ಪಾರ್ಮಾದಲ್ಲೂ ಉಳಿದಿವೆ, ಅವುಗಳಲ್ಲಿ ಜೋರು-ಮೆಲುವಿನ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಲಾಂಗೊ ಅವನ್ನೆಲ್ಲ ತಾನೇ ತುಂಬಿಸಿದ, ಕಟುವಾಗಿ ಕೇಳಿದ ಕೆಲವು ಸ್ವರಗಳನ್ನು ತಿದ್ದಿಯೂ ಇದ್ದಾನೆ. ಆ ಹಾಳೆಯಲ್ಲಿ ಸ್ವರಗಳನ್ನು ಅಂಟಿಸಲು ಹೇಳುವ ಉದ್ದುದ್ದ ಕಮಾನು ಗೆರೆಗಳನ್ನು ನಂಬಿ ಎಲ್ಲವನ್ನೂ ಅಂಟಿಸಿ ನುಡಿಸಿದರೆ ಮತ್ತೆ ಮೊದಲಿನ ತೊಂದರೆಗೇ ಬಂದು ನಿಲ್ಲುತ್ತೀರಿ. ಇದೇ ತರಹ ಕೆ. 9 ಹುಡುಕುವವರಿಗೂ ಒಂದು ಮಾತು: ಅದು ಡಿ ಮೈನರ್ ಕೃತಿ. ಇ ಮೈನರ್‌ನಲ್ಲಿ ಸಿಕ್ಕಿದರೆ ಅದು 19ನೆಯ ಶತಮಾನದ ಪಿಯಾನೋ ವಾದಕ ಟೌಸಿಗ್ ಮಾಡಿದ ರೂಪಾಂತರ.

ಹಾರ್ಪ್ಸಿಕಾರ್ಡ್ ಕೃತಿಯನ್ನು ಪಿಯಾನೋದಲ್ಲಿ ನುಡಿಸುವುದೇ ತಪ್ಪು ಎಂದು ಇಲ್ಲೊಬ್ಬರು ಬರೆದಿದ್ದಾರೆ. ಅಷ್ಟು ಮಡಿ ಬೇಡ. ಫ್ಲಾರೆನ್ಸಿನಲ್ಲಿ ವಾದ್ಯ ತಯಾರಕ ಕ್ರಿಸ್ಟೊಫೊರಿ 1700ರ ಹೊತ್ತಿಗೇ ಪಿಯಾನೋ ಮಾಡಿದ್ದ. ಸ್ಕಾರ್ಲಟ್ಟಿಯ ಶಿಷ್ಯೆಯಾಗಿದ್ದ ಆ ರಾಣಿಯ ವಾದ್ಯಗಳ ಪಟ್ಟಿಯಲ್ಲಿ ಫ್ಲಾರೆನ್ಸಿನಲ್ಲಿ ತಯಾರಾದ ಪಿಯಾನೋಗಳೂ ಇದ್ದವು. ಜೋರು-ಮೆಲು ಧಾರಾಳವಾಗಿ ಬಳಸಿ. ಒಂದೇ ಮಾತನ್ನು ಎರಡು ಸಲ ಹೇಳುವುದು ಸ್ಕಾರ್ಲಟ್ಟಿಯ ಸ್ವಭಾವ, ಎರಡನೆಯದನ್ನು ಮೆಲ್ಲಗೆ ನುಡಿಸಿದರೆ ಚೆಂದವೇ. ಕೃತಿ ಪೂರ್ತಿ ಕೈಗೆ ಬಂದ ಮೇಲೆ, ಉದ್ದನೆಯ ಸ್ವರಗಳ ಕೆಳಗೆ ಒಂದು ಕ್ಷಣ ಪೆಡಲ್ ತಾಗಿಸಿದರೂ ನನ್ನ ತಕರಾರಿಲ್ಲ.

ವಾದ್ಯದ ವಿಷಯ ಚುಟುಕಾಗಿ. ನಿಜವಾದ ಪಿಯಾನೋ ಕೊಳ್ಳುವ ಯೋಚನೆಯನ್ನು ಆಗುಂಬೆ ಸೆರಗಿನ ಮಳೆಯಲ್ಲಿ ಮಾಡಬೇಡಿ. ಮರ ಉಬ್ಬಿ ಕೀಗಳು ಸಿಕ್ಕಿಕೊಳ್ಳುತ್ತವೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಮಾಡುವವರನ್ನು ದೂರದಿಂದ ಕರೆಸಬೇಕು. ಡಿಜಿಟಲ್ ಸಾಕು. ಅದನ್ನೂ ಹೊರಗೋಡೆಗೆ ಒತ್ತಿ ಇಡಬೇಡಿ, ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡಿ. ಅಡಿಕೆ ಸುಲಿತದ ದಿನಗಳಲ್ಲಿ ಬೆರಳು ಬಿರುಸಾಗಿರುತ್ತದೆ, ಆಗ ಟ್ರಿಲ್ ಬಿಟ್ಟು ಎಡಗೈ ಅಭ್ಯಾಸವೊಂದನ್ನೇ ಮಾಡಿ. ವೀಣೆಗಾಗಿ ಬಿಟ್ಟ ಬಲಗೈ ಉಗುರು ಕೀ ಮೇಲೆ ಟಕ್ಕೆನ್ನುತ್ತಿದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಮೀಟಲು ಉಗುರಿನ ಬದಲು ತಂತಿಯಿಂದ ಮಾಡಿದ ನಖಿಯನ್ನು ಬೆರಳಿಗೆ ತೊಟ್ಟರೆ ಎರಡೂ ವಾದ್ಯ ಉಳಿಯುತ್ತವೆ.

ಇಷ್ಟಾದರೂ ಕೆ. 380 ಭಾರವೆನಿಸಿದರೆ ಪಕ್ಕಕ್ಕಿಟ್ಟು ಡಿ ಮೈನರ್‌ನ ಕೆ. 32 ತೆಗೆದುಕೊಳ್ಳಿ. ಏರಿಯಾ ಎಂಬ ಹೆಸರಿನ ಪುಟ್ಟ ಕೃತಿ, ಒಂದು ಪುಟದಲ್ಲಿ ಮುಗಿಯುತ್ತದೆ, ಬೆರಳು ಎತ್ತುವ ಪಾಠ ಪೂರ್ತಿ ಅದರಲ್ಲೇ ಇದೆ. 380 ಕೈಗೆ ಬಂದರೆ ಮುಂದಕ್ಕೆ ಎ ಮೇಜರ್‌ನ ಕೆ. 208. ನಿಧಾನದ, ಹಾಡಿನಂತಹ ಕೃತಿ, ವೀಣೆಯ ಕಿವಿ ಇರುವವರಿಗೆ ತುಂಬಾ ಹಿಡಿಸುತ್ತದೆ. ಮೊದಲ ಭಾಗವನ್ನು ಪೆಡಲ್ ಇಲ್ಲದೆ, ಹಾರ್ಪ್ಸಿಕಾರ್ಡ್ ದನಿಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಲ್ಲಿ ಹಾಕಿ. ಎಡಗೈ ಎಲ್ಲಿ ಅಂಟುತ್ತಿದೆ ಎಂದು ಆವರ್ತದ ಸಂಖ್ಯೆ ಸಮೇತ ಹೇಳುತ್ತೇನೆ.