ವರ್ಚುವಲ್ ಅಸಿಸ್ಟೆಂಟ್ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಬೇಕು, ಯಾವುದಕ್ಕೆ ಹಣ ಕೊಡಬೇಕು?

ಮನೆಯಿಂದಲೇ ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ಇನ್ನೊಬ್ಬರ ಕಚೇರಿ ಕೆಲಸಗಳನ್ನು ಇಂಟರ್ನೆಟ್ ಮೂಲಕ ದೂರದಿಂದಲೇ ಮಾಡಿಕೊಡುವ ಕೆಲಸ, ಆರಂಭಿಸಲು ಹೊರಟಿರುವ ನೀವು, ತಿಂಗಳಿಗೆ ಐದು ಸಾವಿರ ರೂಪಾಯಿಯೊಳಗೆ ಯಾವ ಯಾವ ಸಾಫ್ಟ್‌ವೇರ್‌ಗಳನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ಆರು ವರ್ಷಗಳಿಂದ ಶಿವಮೊಗ್ಗದಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತಿರುವ ನಾನು ಹೇಳುವುದಿಷ್ಟು: ಮೊದಲ ಗ್ರಾಹಕರು ಸಿಗುವವರೆಗೆ ಏನನ್ನೂ ಕೊಳ್ಳಬೇಡಿ, ಸಿಕ್ಕ ಮೇಲೂ ಅವರು ಈಗಾಗಲೇ ಬಳಸುತ್ತಿರುವುದನ್ನೇ ಬಳಸಿ. ಇನ್ನೊಬ್ಬರ ಕಚೇರಿಯೊಳಗೆ ಹೋಗಿ ಮಾಡುವ ಕೆಲಸ ನಮ್ಮದು. ಅಲ್ಲಿ ಬೀರು ಎಲ್ಲಿರಬೇಕು, ಕಡತ ಎಲ್ಲಿರಬೇಕು ಎಂದು ನಿರ್ಧರಿಸುವವರು ಅವರೇ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲಸಗಳ ಪಟ್ಟಿ, ಗಡುವು, ಕಡತಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದಕ್ಕೆ, ರಿಯಾಯಿತಿಯ ಆಸೆಯಿಂದ, ಇಡೀ ವರ್ಷದ ಚಂದಾ ಕಟ್ಟಿದ್ದೆ. ನನ್ನ ಮೊದಲ ಇಬ್ಬರು ಗ್ರಾಹಕರಲ್ಲಿ ಒಬ್ಬರು ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹೇಳುತ್ತಿದ್ದರು, ಇನ್ನೊಬ್ಬರ ಇಡೀ ವ್ಯವಹಾರ ಗೂಗಲ್ ಶೀಟ್ಸ್‌ನಲ್ಲಿತ್ತು. ಇಬ್ಬರೂ ನಾನು ಕೊಂಡದ್ದರ ಬಾಗಿಲನ್ನೇ ತೆರೆಯಲಿಲ್ಲ. ಈಗ ನನ್ನ ಸ್ವಂತ ಕೆಲಸದ ಪಟ್ಟಿಗೆ ಟ್ರೆಲೋದ ಉಚಿತ ಖಾತೆ ಸಾಕಾಗಿದೆ. ಗ್ರಾಹಕರು ಆಸನಾ (Asana) ಎಂಬ ಇಂಥದೇ ಸಾಫ್ಟ್‌ವೇರ್ ಬಳಸುವವರಾದರೆ ಅವರೇ ನನ್ನನ್ನು ಅತಿಥಿಯಾಗಿ ಸೇರಿಸಿಕೊಳ್ಳುತ್ತಾರೆ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಪಾಸ್‌ವರ್ಡ್‌ಗಳ ವಿಚಾರದಲ್ಲಿ. ಗ್ರಾಹಕರು ತಮ್ಮ ಇಮೇಲ್, ಅಂಗಡಿಯ ಜಾಲತಾಣ, ಕೆಲವೊಮ್ಮೆ ಲೆಕ್ಕಪತ್ರವನ್ನೂ ನಮ್ಮ ಕೈಗೆ ಒಪ್ಪಿಸುತ್ತಾರೆ, ಮತ್ತು ಬಹಳ ಜನ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿಯೇ ಕಳಿಸಿಬಿಡುತ್ತಾರೆ. ಅದನ್ನು ಹಾಗೆಯೇ ಸ್ವೀಕರಿಸಬೇಡಿ. ಜಿಮೇಲ್‌ನಲ್ಲಿ ಖಾತೆಯ ಒಡೆಯರು ಇನ್ನೊಬ್ಬರಿಗೆ ಪ್ರತಿನಿಧಿಯಾಗಿ ಪ್ರವೇಶ ಕೊಡುವ ಸೌಲಭ್ಯವಿದೆ. ಅದರಿಂದ ಪಾಸ್‌ವರ್ಡ್ ತಿಳಿಯದೆಯೇ ನಾವು ಅವರ ಪತ್ರಗಳನ್ನು ಓದಬಹುದು, ಉತ್ತರಿಸಬಹುದು, ಆದರೆ ಪಾಸ್‌ವರ್ಡ್ ಬದಲಾಯಿಸಲಾಗದು, ಮತ್ತು ಅವರು ಬೇಡವೆಂದ ದಿನ ಆ ಪ್ರವೇಶವನ್ನು ಹಿಂಪಡೆಯಬಹುದು. ಗೂಗಲ್ ಕ್ಯಾಲೆಂಡರ್‌ನಲ್ಲಿಯೂ ನೋಡಲು ಮಾತ್ರವೋ, ತಿದ್ದಲೂ ಬಹುದೋ ಎಂಬುದನ್ನು ಅವರೇ ಗೊತ್ತುಮಾಡಬಹುದು. ಪಾಸ್‌ವರ್ಡ್ ಕೊಡದೆ ಬೇರೆ ದಾರಿಯೇ ಇಲ್ಲದ ಕಡೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ಸಾಫ್ಟ್‌ವೇರ್, ಬಳಸಿ. ಅದರ ಉಚಿತ ಖಾತೆಯಲ್ಲಿಯೇ ಎಷ್ಟು ಪಾಸ್‌ವರ್ಡ್‌ಗಳನ್ನಾದರೂ ಇಡಬಹುದು, ಇನ್ನೊಬ್ಬ ಬಳಕೆದಾರರೊಂದಿಗೆ ಹಂಚಿಕೊಳ್ಳಲೂಬಹುದು. ಗ್ರಾಹಕರು ಹೆಚ್ಚಾದಾಗ ನಾನು ಮೊದಲು ಹಣ ಕೊಟ್ಟು ಕೊಂಡದ್ದು ಈ ಬಗೆಯ ಸೌಲಭ್ಯವನ್ನೇ. ಒಟಿಪಿಯ ತೊಂದರೆಯನ್ನೂ ಮೊದಲೇ ಮಾತಾಡಿಕೊಳ್ಳಿ. ನಾವು ಬೆಳಗ್ಗೆ ಹತ್ತಕ್ಕೆ ಲಾಗಿನ್ ಆಗುವ ಹೊತ್ತಿಗೆ ಅಮೆರಿಕದ ಗ್ರಾಹಕರ ಮೊಬೈಲಿಗೆ ನಡುರಾತ್ರಿ ಒಟಿಪಿ ಹೋದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ, ಸಾಧ್ಯವಿರುವ ಕಡೆಯೆಲ್ಲ ನಿಮ್ಮ ಹೆಸರಿನಲ್ಲಿಯೇ ಬೇರೆ ಲಾಗಿನ್ ಮಾಡಿಕೊಡುವಂತೆ ಒಪ್ಪಂದದ ದಿನವೇ ಕೇಳಿ.

ಎರಡನೆಯದು ಸಮಯ. ನ್ಯೂಜೆರ್ಸಿಯ ಗ್ರಾಹಕರೊಬ್ಬರ ಜೊತೆ ಅವರ ಬೆಳಗಿನ ಹತ್ತು ಗಂಟೆಗೆ, ಅಂದರೆ ನಮ್ಮ ರಾತ್ರಿ ಎಂಟೂವರೆಗೆ, ವಾರಕ್ಕೊಮ್ಮೆ ಮಾತುಕತೆ ಇರುತ್ತಿತ್ತು. ಮಾರ್ಚ್ ತಿಂಗಳ ಒಂದು ಸೋಮವಾರ ನಾನು ಸರಿಯಾಗಿ ಎಂಟೂವರೆಗೆ ಸೇರಿದರೆ, ಅವರು ಕಾದು ಕಾದು ಹೊರಟುಹೋಗಿದ್ದರು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಬ್ರಿಟನ್ನಿನಲ್ಲಿ ಇದು ನಡೆಯುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. ನಮ್ಮ ಗಡಿಯಾರ ಮಾತ್ರ ಕದಲುವುದಿಲ್ಲ, ಹಾಗಾಗಿ ನ್ಯೂಜೆರ್ಸಿಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರವಿದ್ದರೆ ಬೇಸಿಗೆಯಲ್ಲಿ ಒಂಬತ್ತೂವರೆ. ಅಂದಿನಿಂದ ಪ್ರತಿಯೊಂದು ಮಾತುಕತೆಯನ್ನೂ ಗ್ರಾಹಕರ ಊರಿನ ಸಮಯದಲ್ಲಿಯೇ ಕ್ಯಾಲೆಂಡರ್‌ನಲ್ಲಿ ದಾಖಲಿಸುತ್ತೇನೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಎರಡು ಕಾಲವಲಯಗಳನ್ನು ಅಕ್ಕಪಕ್ಕದಲ್ಲಿ ತೋರಿಸುವ ಏರ್ಪಾಡಿದೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ವಿಡಿಯೊ ಕರೆಗೆ ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಮಿತಿ ಇದೆ, ಇಬ್ಬರೇ ಮಾತಾಡುವುದಾದರೆ ಆ ಚಿಂತೆಯಿಲ್ಲ.

ಹಣದ ವಿಷಯಕ್ಕೆ ಬಂದರೆ, ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ಟಾಗಲ್ ಟ್ರ್ಯಾಕ್‌ನಂಥ ಸಮಯ ದಾಖಲಿಸುವ ಸಾಧನ ಬೇಕೇ ಬೇಕು, ಅದೂ ಮೊದಲ ದಿನದಿಂದ. ತಿಂಗಳ ಕೊನೆಗೆ ನೆನಪಿನಿಂದ ಬರೆದ ಗಂಟೆಗಳನ್ನು ಯಾವ ಗ್ರಾಹಕರೂ ನಂಬಬೇಕಾಗಿಲ್ಲ. ಬಿಲ್ ಮಾಡಲು ಝೋಹೋ ಇನ್‌ವಾಯ್ಸ್ ಉಚಿತವಾಗಿದೆ. ದೇಶದೊಳಗಿನ ಗ್ರಾಹಕರಿಂದ ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಹಣ ಪಡೆಯಿರಿ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದ್ದು, ವಿದೇಶದಿಂದ ಬರುವ ಹಣಕ್ಕೆ ಮಾತ್ರ ಉಳಿದಿದೆ. ಪೇಪಾಲ್, ಪೇಯೋನೀರ್ ಮುಂತಾದವುಗಳನ್ನು ಹೋಲಿಸುವಾಗ ಅವರು ಪ್ರಕಟಿಸುವ ಶುಲ್ಕವನ್ನಷ್ಟೇ ನೋಡಬೇಡಿ, ಏಕೆಂದರೆ ಡಾಲರನ್ನು ರೂಪಾಯಿಗೆ ಬದಲಿಸುವ ದರದಲ್ಲಿಯೂ ಅವರ ಪಾಲು ಅಡಗಿರುತ್ತದೆ. 100 ಡಾಲರಿಗೆ ನಿಮ್ಮ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಜಮೆಯಾಯಿತು ಎಂಬುದೇ ಅಳತೆ. ಸಣ್ಣ ಮೊತ್ತವೊಂದನ್ನು ಎರಡೂ ದಾರಿಯಲ್ಲಿ ತರಿಸಿ ನೋಡಿ. ವಿದೇಶದಿಂದ ಹಣ ಬಂದುದಕ್ಕೆ ಸಿಗುವ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಆ ಹಂತಕ್ಕೆ ಬರುವ ಮುನ್ನವೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ.

ವಿನ್ಯಾಸಕ್ಕೆ ಕ್ಯಾನ್ವಾದ ಉಚಿತ ಖಾತೆ ಸಾಕು. ಕಡತಗಳಿಗೆ ಗೂಗಲ್ ಕೊಡುವ 15 ಜಿಬಿ ಜಾಗವನ್ನು ಜಿಮೇಲ್ ಮತ್ತು ಫೋಟೊಗಳೂ ಹಂಚಿಕೊಳ್ಳುತ್ತವೆ, ಆದ್ದರಿಂದ ಕೆಲಸಕ್ಕೆಂದೇ ಬೇರೆ ಖಾತೆ ತೆರೆಯಿರಿ. ಕನ್ನಡದ ಗ್ರಾಹಕರು ಸಿಕ್ಕರೆ ಅವರ ಹಳೆಯ ಕಡತಗಳು ಯೂನಿಕೋಡ್‌ನಲ್ಲಿವೆಯೋ, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆಯೋ ಎಂದು ದರ ಹೇಳುವ ಮೊದಲೇ ನೋಡಿಕೊಳ್ಳಿ. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಲು ಹಿಡಿಯುವ ಸಮಯ ಬಹಳ.

ಯಾವುದಕ್ಕಾದರೂ ಹಣ ಕೊಡಲೇಬೇಕಾಗಿ ಬಂದಾಗ ತಿಂಗಳ ಚಂದಾದಿಂದಲೇ ಆರಂಭಿಸಿ. ಪ್ರಯೋಗದ ಅವಧಿಯಲ್ಲಿಯೇ ನಿಮ್ಮ ಮಾಹಿತಿಯನ್ನೆಲ್ಲ ಒಮ್ಮೆ ಹೊರಕ್ಕೆ ಇಳಿಸಿಕೊಂಡು, ಆ ಕಡತ ಎಕ್ಸೆಲ್‌ನಲ್ಲಿ ಸರಿಯಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ತೆರೆಯದಿದ್ದರೆ ಅದನ್ನು ಕೊಳ್ಳಬೇಡಿ.